ಹೊನ್ನಬಿಲ್ಲ ಸತ್ತದ್ದು ಒಂದು ದಿನ, ತೂಬು ಎತ್ತಿದ್ದು ದಿನಾ

ರಾತ್ರಿ ಹನ್ನೊಂದೂವರೆ. ಕಡೂರು ತಾಲ್ಲೂಕಿನ ಒಂದು ಊರು, ಹೆಸರು ಬೇಡ. ತೋಟದಲ್ಲಿ ಬೋರ್‌ವೆಲ್ ಲಾರಿ ನಿಂತಿದೆ. ಪಾಯಿಂಟ್ ನೋಡುವವರು ಬೆಳಗ್ಗೆಯೇ ಬಂದು, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟವೆಲ್ಲ ಸುತ್ತಿ, ಕಾಯಿ ಎದ್ದು ನಿಂತ ಜಾಗದಲ್ಲಿ ಕಲ್ಲಿಟ್ಟು ಹೋಗಿದ್ದಾರೆ. ಅರಿಶಿನ ಕುಂಕುಮ ಆಗಿದೆ, ಊದುಬತ್ತಿ ಆರಿದೆ. ಎಂಟುನೂರು ಅಡಿ ದಾಟಿದರೂ ಮೇಲೆ ಬರುವುದು ಬರೀ ದೂಳು. ಯಜಮಾನರು ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಾರೆ. ದೂಳಿಗೋ ಅಳುವಿಗೋ ನಮಗೆ ಗೊತ್ತಾಗಲಿಲ್ಲ. ಅದು ಅವರ ಆರನೇ ಬೋರು.

"ಇದೊಂದು ನೀರು ಬಿದ್ಬಿಟ್ರೆ ಸಾಕು ತಮ್ಮಾ, ನಮ್ ಜೀವನನೇ ಬೇರೆ" ಅಂದರು.

ಬಿತ್ತು. ಒಂಬೈನೂರರ ಹತ್ತಿರ ಬಂದಾಗ ದೂಳು ಕೆಸರಾಯಿತು, ಕೆಸರು ನೀರಾಯಿತು. ಎರಡಿಂಚು ನೀರು ತೆಂಗಿನ ಗರಿ ಮುಟ್ಟುವ ಹಾಗೆ ಚಿಮ್ಮಿತು. ಹೆಂಗಸರು ಕೈ ಮುಗಿದರು, ಹುಡುಗರು ಮೊಬೈಲ್ ಎತ್ತಿದರು. ಬೆಳಗಾಗುವುದರೊಳಗೆ ಆ ವಿಡಿಯೋ ಅರ್ಧ ಹೋಬಳಿಯ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿತ್ತು. ಸುಳ್ಳು ಯಾಕೆ ಹೇಳಬೇಕು, ನಮ್ಮದರಲ್ಲೂ ಇತ್ತು.

ಎರಡು ಬೇಸಿಗೆ ಕಳೆಯಿತು. ಮೊನ್ನೆ ಅದೇ ದಾರಿಯಲ್ಲಿ ಹೋಗುವಾಗ ಯಜಮಾನರು ಜಗುಲಿ ಮೇಲೆ ಕೂತಿದ್ದರು. ಬೋರು ನಿಂತು ಮೂರು ತಿಂಗಳಾಗಿದೆಯಂತೆ. ಆ ನೀರನ್ನು ನಂಬಿ ಇಟ್ಟ ಅಡಿಕೆ ಸಸಿಗಳು ಒಣಗಿ ನಿಂತಿವೆ. ಏನಾಯಿತು ಯಜಮಾನ್ರೇ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಆ ಪಾಯಿಂಟ್ ನೋಡಿದೋನು ಸರಿ ಇರ್ಲಿಲ್ಲ ಕಣಪ್ಪ. ಈ ಸಲ ಹಾಸನದ ಕಡೆಯೋರನ್ನ ಕರೆಸ್ತೀನಿ."

ನಮ್ಮ ಜಗಳ ಇರುವುದು ಈ ಮಾತಿನ ಜೊತೆ. ಯಜಮಾನರ ಜೊತೆ ಅಲ್ಲ, ಅವರು ನಮಗಿಂತ ಹೆಚ್ಚು ದುಡಿದವರು. ಆದರೆ ಈ ಮಾತು ಅವರೊಬ್ಬರದಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನಲ್ಲಿ ಯಾವ ಕಟ್ಟೆ ಮೇಲೆ ಕೂತರೂ ಬದುಕಿನ ಕಥೆಯನ್ನು ಹೀಗೇ ಹೇಳುತ್ತಾರೆ. ಆವತ್ತು ಆ ಬೋರು ಬಿದ್ದಿದ್ದರೆ. ಆವತ್ತು ಆ ಸೈನ್ ಹಾಕದಿದ್ದರೆ. ಆ ವರ್ಷ ಪಿಯುಸಿಯಲ್ಲಿ ಎರಡು ಮಾರ್ಕ್ಸ್ ಬಂದಿದ್ದರೆ. ನಲವತ್ತು ವರ್ಷದ ಬದುಕು ಒಂದು ದಿನದ ಮೇಲೆ, ಒಂದು ಗಳಿಗೆಯ ಮೇಲೆ ನಿಂತ ಹಾಗೆ. ಅಂಗೈ ಮೇಲಿನ ಕಾಯಿ ನಿಂತ ಹಾಗೆ.

ಆ ಎರಡು ವರ್ಷದಲ್ಲಿ ನಡೆದದ್ದೇನು ಅಂತ ಕೂಡಿಸಿ ನೋಡಿ. ನೀರು ಬಿದ್ದ ತಿಂಗಳೇ ಅಡಿಕೆ ಸಸಿ ಬಂತು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಂದರೆ ಸಸಿ ನೆಟ್ಟ ದಿನವೇ ಎರಡು ಸಾವಿರ ದಿನಗಳ ನೀರನ್ನು ಸಾಲ ಬರೆದುಕೊಟ್ಟ ಹಾಗೆ. ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿದರು. ತ್ರೀ ಫೇಸ್ ಯಾವಾಗ ಬಂದರೂ ಮೋಟರ್ ತಾನೇ ಓಡುತ್ತದೆ, ಹೋದಾಗ ತಾನೇ ನಿಲ್ಲುತ್ತದೆ. ಮನುಷ್ಯರು ಮಲಗಿರುತ್ತಾರೆ. ಮಳೆ ಸುರಿಯುತ್ತಿದ್ದರೂ ಓಡುತ್ತದೆ, ಪಾತಿ ತುಂಬಿ ರಸ್ತೆಗೆ ಹರಿದರೂ ಓಡುತ್ತದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲದ ರಾಜ್ಯ ನಮ್ಮದು, ಹಾಗಾಗಿ ನಿಲ್ಲಿಸಬೇಕು ಅನ್ನುವ ನೆನಪೂ ಬರುವುದಿಲ್ಲ. ಏಳುನೂರು ದಿನ ದಿನಾ ಒಂದು ತೀರ್ಮಾನ ಆಗುತ್ತಲೇ ಇತ್ತು: ಇವತ್ತು ಎಷ್ಟು ಎಳೆಯೋಣ. ಆ ತೀರ್ಮಾನವನ್ನು ಯಜಮಾನರು ಮಾಡಲಿಲ್ಲ, ಗೋಡೆ ಮೇಲಿನ ಡಬ್ಬ ಮಾಡಿತು. ಬೋರು ಸತ್ತದ್ದು ಆ ಡಬ್ಬದ ಕೆಳಗೆ. ಪಾಯಿಂಟ್ ನೋಡಿದವರ ಮೇಲೆ ನಮಗೆ ದೊಡ್ಡ ಗೌರವವೇನಿಲ್ಲ, ಆದರೂ ಇದೊಂದು ಅಪವಾದ ಅವರ ಮೇಲೆ ಹಾಕುವುದು ನ್ಯಾಯವಲ್ಲ.

ಇದನ್ನು ಹೇಳಿದಾಗ ಯಜಮಾನರು ಸುಮ್ಮನಿರಲಿಲ್ಲ. "ನಾನೊಬ್ಬ ಮೋಟರ್ ಆಫ್ ಮಾಡಿ ಕೂತ್ರೆ ಪಕ್ಕದ ತೋಟದೋನು ಕೂರ್ತಾನಾ? ನೆಲದೊಳಗಿನ ನೀರಿಗೆ ಬದು ಐತಾ?" ಅಂದರು.

ಇದಕ್ಕೆ ನಮ್ಮ ಹತ್ತಿರ ಆವತ್ತು ಉತ್ತರ ಇರಲಿಲ್ಲ. ಅವರ ಮಾತು ನಿಜ. ಒಬ್ಬನ ದಿನನಿತ್ಯದ ಎಚ್ಚರ ಪಕ್ಕದವನ ಮೋಟರಿನ ಮುಂದೆ ಏನೂ ಅಲ್ಲ. ಉತ್ತರ ಹುಡುಕಿಕೊಂಡು ಹೋದದ್ದು ಅಯ್ಯನಕೆರೆ ಏರಿ ಮೇಲೆ.

ಸಖರಾಯಪಟ್ಟಣದ ಅಯ್ಯನಕೆರೆ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಬಾಬಾಬುಡನ್‌ಗಿರಿ ಕಡೆಯಿಂದ ಇಳಿಯುವ ಗೌರಿಹಳ್ಳವನ್ನು ಅಡ್ಡಗಟ್ಟಿದ ಕೆರೆ. ಅಲ್ಲಿಂದ ಮುಂದಕ್ಕೆ ಅದೇ ನೀರು ವೇದಾ ಅನ್ನುವ ಹೆಸರಲ್ಲಿ ಕಡೂರಿನ ಕಡೆ ಬರುತ್ತದೆ. ಅತ್ತ ಅವತಿ ಹೊಳೆ ಮದಗದಕೆರೆ ತುಂಬಿಸಿ ಬರುತ್ತದೆ. ಎರಡೂ ಕಡೂರಿನ ಆಚೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದ ಅಂತ ಕಥೆ. ಅವನು ಯಾವ ಕಾಲದವನು ಅನ್ನುವುದಕ್ಕೆ ಇಸವಿ ಇಲ್ಲ. ಇಸವಿ ಇರುವುದು ದುರಸ್ತಿಗೆ: 1156, ಹೊಯ್ಸಳರ ಕಾಲ. ನಮಗೆ ಇದು ಬಹಳ ಇಷ್ಟವಾದ ಸಂಗತಿ. ಕಟ್ಟಿದ ದಿನ ಯಾರಿಗೂ ನೆನಪಿಲ್ಲ, ರಿಪೇರಿ ಮಾಡಿದ ವರ್ಷ ಉಳಿದಿದೆ.

ಆದರೆ ಆ ಕೆರೆಯ ಬಗ್ಗೆ ಜನ ಹೇಳುವ ಕಥೆ ದುರಸ್ತಿಯದ್ದಲ್ಲ. ಹೊನ್ನಬಿಲ್ಲನದ್ದು. ಹೊನ್ನಬಿಲ್ಲ ಆ ಕೆರೆಯ ನೀರುಗಂಟಿ. ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು, ಏರಿ ಒಡೆದುಕೊಂಡು ಹೋಗುತ್ತೇನೆ ಅಂದಳಂತೆ. ಇವನು ಕೈ ಮುಗಿದು, ತಾಯಿ, ನಾನು ರಾಜನಿಗೆ ಹೇಳಿ ಬರುವವರೆಗೆ ನಿಲ್ಲು ಅಂದ. ಅವಳು ಒಪ್ಪಿದಳು. ಇವನು ಓಡಿಹೋಗಿ ರಾಜನಿಗೆ ಹೇಳಿದ. ರಾಜ ಲೆಕ್ಕ ಹಾಕಿದ. ಇವನು ವಾಪಸು ಹೋದರೆ ತಾನೇ ಅವಳು ಹೋಗುವುದು? ಅಲ್ಲೇ ಕೊಲ್ಲಿಸಿದ. ಏರಿ ಮೇಲೆ ಅವನಿಗೆ ಗುಡಿಯಾಯಿತು.

ಕಥೆ ಕೇಳಿದವರೆಲ್ಲ ಎಂಥಾ ತ್ಯಾಗ ಅನ್ನುತ್ತಾರೆ. ತ್ಯಾಗ ಅನ್ನುವುದು ತಾನಾಗಿ ಕೊಟ್ಟರೆ. ಹೊನ್ನಬಿಲ್ಲನನ್ನು ಯಾರೂ ಕೇಳಲಿಲ್ಲ. ಆ ಗಳಿಗೆ ಅವನದ್ದಲ್ಲ, ರಾಜನದ್ದು. ಹೊನ್ನಬಿಲ್ಲನದ್ದು ಅಂತ ಇದ್ದದ್ದು ಅದಕ್ಕೆ ಹಿಂದಿನ ದಿನಗಳು.

ನೀರುಗಂಟಿಯ ದಿನ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ತೂಬು ಎತ್ತುವುದು, ಇಳಿಸುವುದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವುದು, ಮೇಲಿನ ಗದ್ದೆಯವನು ರಾತ್ರಿ ಕದ್ದು ಮಡೆ ಒಡೆದರೆ ಹೋಗಿ ಕಟ್ಟುವುದು. ಏರಿ ಮೇಲೆ ನಡೆದು ಏಡಿ ಬಿಲ ಇದೆಯೇ, ಎಲ್ಲಾದರೂ ಒಸರುತ್ತಿದೆಯೇ, ಗಿಡದ ಬೇರು ಇಳಿದಿದೆಯೇ ಅಂತ ನೋಡುವುದು. ಸಣ್ಣ ತೂತನ್ನು ಸಣ್ಣದಿರುವಾಗಲೇ ಮುಚ್ಚುವುದು. ಕೆರೆ ಒಡೆಯುತ್ತದೆ ಅಂತ ದೇವತೆ ಮೊದಲು ಅವನಿಗೇ ಯಾಕೆ ಹೇಳಿದಳು? ರಾಜನಿಗೆ ಹೇಳಬಹುದಿತ್ತು, ಪೂಜಾರಿಗೆ ಹೇಳಬಹುದಿತ್ತು. ದಿನಾ ಆ ಏರಿ ಮೇಲೆ ನಡೆಯುತ್ತಿದ್ದವನು ಅವನೊಬ್ಬನೇ ಇರಬೇಕು. ಇದು ನಮ್ಮ ವ್ಯಾಖ್ಯಾನ, ಯಾರಾದರೂ ಒಪ್ಪದಿದ್ದರೆ ಜಗಳಕ್ಕೆ ಬರಲಿ.

ಯಜಮಾನರ ಪ್ರಶ್ನೆಗೆ ಉತ್ತರ ಇದ್ದದ್ದು ಇಲ್ಲಿ. ಪಕ್ಕದವನು ಎಳೆಯುತ್ತಾನಲ್ಲ ಅನ್ನುವ ಸಮಸ್ಯೆ ಹೊಸದಲ್ಲ, ಕೆರೆ ನೀರಿನಲ್ಲೂ ಇತ್ತು. ಅದಕ್ಕೇ ಊರು ಒಬ್ಬನನ್ನು ಇಟ್ಟು, ಸುಗ್ಗಿಯಲ್ಲಿ ಅವನಿಗೆ ಆಯ ಕೊಟ್ಟು, ತೂಬಿನ ಮೇಲಿನ ಕೈ ಅವನದೊಂದೇ ಇರಲಿ ಅಂತ ಒಪ್ಪಿಕೊಂಡಿತ್ತು. ದಿನದ ತೀರ್ಮಾನ ಯಾರೊಬ್ಬರ ಮನಸ್ಸಿನ ಮೇಲೂ ನಿಂತಿರಲಿಲ್ಲ. ಈಗ ಊರಿಗೊಬ್ಬ ನೀರುಗಂಟಿಯ ಬದಲು ತೋಟಕ್ಕೊಂದು ಆಟೋ ಸ್ಟಾರ್ಟರ್ ಇದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾವು ಹಾಡುವುದಿಲ್ಲ. ಹಳೇ ಮೈಸೂರಿನ ಬಹಳ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತರ ಮನೆಗೆ ಕಟ್ಟಿದ ಕೆಲಸ. ಎಲ್ಲರ ಗದ್ದೆಗೂ ನೀರು ಹಾಯಿಸಿದವನಿಗೆ ಸ್ವಂತ ಗದ್ದೆ ಇರುತ್ತಿದ್ದದ್ದು ಅಪರೂಪ. ಆ ಮನೆಯ ಮಗ ಆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರೆ ಅವನನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ದಿನದ ಕೆಲಸ ಒಬ್ಬರದು, ಕಥೆಯಲ್ಲಿ ಉಳಿಯುವ ದೊಡ್ಡ ಗಳಿಗೆ ಇನ್ನೊಬ್ಬರದು ಅನ್ನುವ ಹಂಚಿಕೆ ರಾಜರ ಕಾಲಕ್ಕೆ ಮುಗಿದಿಲ್ಲ.

ಈಗ ಕೆರೆ ಕೋಡಿ ಬಿದ್ದರೆ ಏನಾಗುತ್ತದೆ ನೋಡಿ. ಮೊರ, ಬಳೆ, ಸೀರೆ, ಬಾಗಿನ. ಶಾಮಿಯಾನ, ಮೈಕು. ಸಾಹೇಬರು ಬರುತ್ತಾರೆ, ಫೋಟೋ ಆಗುತ್ತದೆ, "ನಮ್ಮ ಅವಧಿಯಲ್ಲಿ ಕೆರೆ ತುಂಬಿದೆ" ಅನ್ನುತ್ತಾರೆ. ಮಳೆಗೂ ಅವಧಿಗೂ ಏನು ಸಂಬಂಧವೋ! ಯಾವ ಪಕ್ಷದವರಾದರೂ ಇದೇ ಮಾತು, ಶಾಲಿನ ಬಣ್ಣ ಮಾತ್ರ ಬೇರೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಇಡೀ ರಾಜ್ಯ ನೋಡಿತು. ನೋಡುವಂಥದ್ದೇ, ನಾವೂ ಹೋಗಿದ್ದೆವು. ಆದರೆ ಆ 89 ವರ್ಷಗಳಲ್ಲಿ ವೇದಾವತಿಯ ಹಳ್ಳಗಳು ಎಲ್ಲೆಲ್ಲಿ ಒತ್ತುವರಿಯಾದವು, ಮರಳು ಎಲ್ಲಿಗೆ ಹೋಯಿತು, ರಾಜಕಾಲುವೆ ಮೇಲೆ ಯಾರು ಬಾಳೆ ಹಾಕಿದರು ಅಂತ ಕೇಳುವ ಶಾಮಿಯಾನ ಎಲ್ಲೂ ಹಾಕಲಿಲ್ಲ.

ಭದ್ರಾ ಮೇಲ್ದಂಡೆಯೂ ಹೀಗೇ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದ ಗಳಿಗೆ ಅಜ್ಜಂಪುರದಲ್ಲಿ ಪಟಾಕಿ ಹೊಡೆದವರನ್ನು ನಾವು ಕಂಡಿದ್ದೇವೆ. ಯೋಜನೆಯ ಲೆಕ್ಕ ದೊಡ್ಡದು: ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ, ಭದ್ರೆಯಿಂದ ಒಟ್ಟು 29.90 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ. ಒಳ್ಳೆಯದು, ಬರಲಿ. ಆದರೆ ಬಜೆಟ್ಟಿನಲ್ಲಿ ಓದಿದ ಸಂಖ್ಯೆ ಕಾಲುವೆಯಲ್ಲಿ ಹರಿಯುವುದಿಲ್ಲ. ಕಾಲುವೆ ಅಂದರೆ ಸರ್ವೆ ನಂಬರು, ಪರಿಹಾರದ ಚೆಕ್ಕು, ಬಿಲ್ಲು, ಮತ್ತೆ ಸರ್ವೆ. ಅದೇ 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಫೆಬ್ರುವರಿಯಲ್ಲಿ ಪಟಾಕಿ ಹೊಡೆದ ಕೈಗಳೇ ಕೊನೆಗೆ ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದವು.

ಹಳಬರನ್ನು ಕೇಳಿದರೆ 1978 ಅನ್ನುತ್ತಾರೆ. ನಮ್ಮ ಜಿಲ್ಲೆಯ ಅತಿ ದೊಡ್ಡ ಗಳಿಗೆ ಅದು. ನವೆಂಬರಿನ ಉಪಚುನಾವಣೆ, ಇಂದಿರಾ ಗಾಂಧಿ ಎದುರು ವೀರೇಂದ್ರ ಪಾಟೀಲರು. ಇಂದಿರಾ ಗೆದ್ದರು, ಚಿಕ್ಕಮಗಳೂರು ಅನ್ನುವ ಹೆಸರು ದಿಲ್ಲಿಯ ಗೋಡೆಗಳ ಮೇಲೆ ಬಂತು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿಯಲ್ಲಿ, ಮೇದಕ್‌ನಲ್ಲಿ. ನಮ್ಮ ಹತ್ತಿರ ಉಳಿದದ್ದು ಕಥೆ. ಕಥೆಯನ್ನು ತೆಗಳುವುದಿಲ್ಲ, ಚಳಿಗಾಲದ ರಾತ್ರಿ ಕೇಳಲು ಬಹಳ ಚೆನ್ನಾಗಿರುತ್ತದೆ.

ಇನ್ನು ನಮ್ಮ ಕಸುಬು. ಬೇರೆಯವರನ್ನು ಬೈದು ನಮ್ಮನ್ನು ಬಿಟ್ಟುಕೊಂಡರೆ ಆಗುವುದಿಲ್ಲ. ಜಿಲ್ಲಾ ವರದಿಗಾರಿಕೆ ಅಂದರೆ ಗಳಿಗೆಗಳ ವ್ಯಾಪಾರ. ಕೆರೆ ಒಡೆದರೆ ಸುದ್ದಿ, ಏರಿ ಮೇಲೆ ಜಾಲಿ ಬೆಳೆಯುತ್ತಿದೆ ಅಂದರೆ ಸುದ್ದಿಯಲ್ಲ. ರೈತ ಸತ್ತರೆ ಸುದ್ದಿ, ಬಡ್ಡಿ ಏರುತ್ತಿದೆ ಅಂದರೆ "ಅದರಲ್ಲಿ ಹೊಸದೇನಿದೆ" ಅಂತ ಡೆಸ್ಕಿನಿಂದ ಫೋನು. ಪತ್ರಿಕೆಗಳಲ್ಲಿ ದಿನಾ ಬರುವ ದಿನದ ಸಂಗತಿ ಅಂದರೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಮಟ್ಟ ಒಂದೇ. ಗರಿಷ್ಠ 186 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮೂಲೆಯಲ್ಲಿ ಬೆರಳಗಲ ಜಾಗ. ನಮ್ಮ ಪ್ರಕಾರ ಇಡೀ ಪತ್ರಿಕೆಯಲ್ಲಿ ಅತ್ಯಂತ ನಿಜವಾದ ಸುದ್ದಿ ಅದೇ. ಹಾಗೆ ಪ್ರತಿ ಪಂಚಾಯಿತಿಯ ಪ್ರತಿ ಕೆರೆಯ ಮಟ್ಟ, ಊರಿನ ನಾಲ್ಕು ಬೋರುಗಳ ನೀರಿನ ಆಳ ವಾರಕ್ಕೊಮ್ಮೆ ಬಂದಿದ್ದರೆ ಯಜಮಾನರ ಬೋರು ಒಣಗುವುದು ಆರು ತಿಂಗಳ ಮೊದಲೇ ಕಾಣುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಗುಂಪಿನವರು ಚಪ್ಪಾಳೆ ಹೊಡೆಯುತ್ತಾರೆ ಅಂತ ಗೊತ್ತು. ರೀಲ್ಸ್‌ನಲ್ಲಿ ಕೋಟು ಹಾಕಿಕೊಂಡು ಬರುವ ಸ್ಫೂರ್ತಿ ಭಾಷಣದವರು. ಬೆಳಗ್ಗೆ ಐದಕ್ಕೆ ಏಳಿ, ದಿನಾ ಒಂದು ಪರ್ಸೆಂಟ್ ಸುಧಾರಿಸಿ, ನಿಮ್ಮ ಬದುಕು ನಿಮ್ಮ ಅಭ್ಯಾಸ, ಬಡತನ ನಿಮ್ಮ ಆಯ್ಕೆ. ಅಣ್ಣಾ, ನಿಮ್ಮ ಚಪ್ಪಾಳೆ ನಮಗೆ ಬೇಡ. ನಮ್ಮ ಊರಿನ ಹೆಂಗಸರು ಎಂದೂ ಐದರ ಮೇಲೆ ಮಲಗಿದವರಲ್ಲ. ಐದಕ್ಕೆ ಏಳುವುದರಿಂದ ಬದುಕು ಬದಲಾಗುವುದಿದ್ದರೆ ಬೀರೂರಿನ ಸಂತೆಗೆ ಸೊಪ್ಪು ಹೊರುವವರೆಲ್ಲ ಇಷ್ಟು ಹೊತ್ತಿಗೆ ಕಾಫಿ ತೋಟ ಕೊಳ್ಳಬೇಕಿತ್ತು.

ವಾರದ ಕಂತು ಕಟ್ಟುವ ಅಕ್ಕನ ದಿನಗಳನ್ನು ನೋಡಿ. ಮಗಳ ಆಪರೇಷನ್ನಿಗೆ ಒಂದು ಫೈನಾನ್ಸ್, ಅದರ ಕಂತಿಗೆ ಇನ್ನೊಂದು. ಸೋಮವಾರ ಒಬ್ಬ ಬರುತ್ತಾನೆ, ಗುರುವಾರ ಇನ್ನೊಬ್ಬ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಲ್ಲಿ ಕೂರಬೇಕು. ಅವಳ ವಾರದ ಏಳು ದಿನವೂ ಅವಳದಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ತರುವ ಹೊತ್ತಿಗೆ ಎಷ್ಟೋ ಮನೆಗೆ ಬೀಗ ಬಿದ್ದಿತ್ತು. ಈ ಅಕ್ಕನಿಗೆ ಹೋಗಿ "ದಿನನಿತ್ಯದ ಆಯ್ಕೆಯೇ ಜೀವನ" ಅಂತ ಹೇಳುವ ಧೈರ್ಯ ನಮಗಿಲ್ಲ. ಅವಳಿಗೆ ಆಯ್ಕೆ ಇದ್ದದ್ದು ಎಂದು? ಸೈನ್ ಹಾಕಿದ ದಿನವೂ ಮಗಳು ಆಸ್ಪತ್ರೆಯಲ್ಲಿದ್ದಳು.

ಕಾಲೇಜು ಹುಡುಗಿಯ ವಿಷಯವೂ ಅಷ್ಟೇ. ರಿಸಲ್ಟ್ ದಿನ ಎಲ್ಲರೂ ಅವಳ ಮಾರ್ಕ್ಸ್ ಕೇಳುತ್ತಾರೆ. ಅವಳ ಫಲಿತಾಂಶ ಎರಡು ವರ್ಷ ದಿನಾ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಆಗುತ್ತಿತ್ತು. ಬಸ್ಸು ಬಂದರೆ ಮೊದಲ ಪೀರಿಯಡ್ ಸಿಕ್ಕಿತು, ತುಂಬಿಕೊಂಡು ನಿಲ್ಲಿಸದೆ ಹೋದರೆ ಇಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಯ ಹುಡುಗಿಗೆ ಆ ಉಚಿತ ಸಿಕ್ಕಿಲ್ಲ, ಅವಳು ಈಗಲೂ ಚಿಲ್ಲರೆ ಎಣಿಸುತ್ತಾಳೆ. ಹಾಗೆ ನೋಡಿದರೆ ಪರೀಕ್ಷಾ ಮಂಡಳಿಯವರೇ ನಮಗಿಂತ ಬೇಗ ತಿಳಿದುಕೊಂಡರು. 2023-24ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ತಂದರು. ಒಂದು ಬೆಳಗ್ಗೆಯ ಮೇಲೆ ಇಡೀ ಬದುಕು ಹಾಕಬೇಡಿ ಅಂತ ಮಂಡಳಿ ಹೇಳಿದೆ, ಅಪ್ಪ ಅಮ್ಮ ಇನ್ನೂ ಹೇಳಿಲ್ಲ. ರಿಸಲ್ಟ್ ನೋಡಿ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮಗು ನಿಮ್ಮ ಮನೆಯಲ್ಲಿದ್ದರೆ ಈಗಲೇ ಹೋಗಿ ಬಾಗಿಲು ತಟ್ಟಿ, ಈ ಲೇಖನ ಆಮೇಲೆ ಓದಿ.

ಗಳಿಗೆಗೆ ಬೆಲೆಯೇ ಇಲ್ಲ ಅಂತ ನಾವು ವಾದ ಮಾಡುತ್ತಿಲ್ಲ. ಬೈಕ್ ಸ್ಕಿಡ್ ಆಗಲು ಒಂದು ಗಳಿಗೆ ಸಾಕು. ನಾಲ್ಕು ಪೆಗ್ಗಿನ ಮೇಲೆ ಆಡಿದ ಒಂದು ಮಾತು ಅಣ್ಣತಮ್ಮಂದಿರ ನಡುವೆ ಇಪ್ಪತ್ತು ವರ್ಷದ ಗೋಡೆ ಎಬ್ಬಿಸಿದ್ದನ್ನು ಕಂಡಿದ್ದೇವೆ. ಮುರಿಯುವುದು ಒಂದೇ ಏಟಿಗೆ ಆಗುತ್ತದೆ. ಒಂದೇ ಏಟಿಗೆ ಕಟ್ಟಿದ್ದನ್ನು ಈ ಮೂರು ತಾಲ್ಲೂಕಿನಲ್ಲಿ ನಾವಂತೂ ಕಂಡಿಲ್ಲ.

ಕಟ್ಟಿದ್ದು ಕಾಣಬೇಕಾದರೆ ತರೀಕೆರೆ ಪಕ್ಕದ ಅಮೃತಾಪುರಕ್ಕೆ ಹೋಗಿ. ಅಮೃತೇಶ್ವರ ದೇವಸ್ಥಾನ, 1196. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿ ಮಂಟಪದ ಒಳಛಾವಣಿಗಳಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಅನ್ನುವ ರೂವಾರಿ ತನ್ನ ಕಸುಬು ಶುರು ಮಾಡಿದ್ದೇ ಆ ಗುಡಿಯಲ್ಲಿ ಅನ್ನುತ್ತಾರೆ ಬಲ್ಲವರು. ಆಮೇಲೆ ಸುಮಾರು ಅರವತ್ತು ವರ್ಷ ಕೆತ್ತಿದ, ಸೋಮನಾಥಪುರದವರೆಗೆ ಹೋದ. ಕೆಲವು ಕಡೆ ಪೂರ್ತಿ ಹೆಸರನ್ನೂ ಕೆತ್ತಿಲ್ಲ, "ಮಲ್ಲಿ" ಅಂತ ಇಷ್ಟೇ. ಅರವತ್ತು ವರ್ಷದ ಕೆಲಸಕ್ಕೆ ಎರಡಕ್ಷರದ ರುಜು. ಒಂದು ಬೋರಿಗೆ ಮೂರು ನಿಮಿಷದ ವಿಡಿಯೋ ಹಾಕಿದ ನಮಗೆ ಅಲ್ಲಿ ನಿಂತಾಗ ಸ್ವಲ್ಪ ನಾಚಿಕೆಯಾಯಿತು.

ಅಜ್ಜಂಪುರದ ಅಮೃತಮಹಲ್ ದನಗಳೂ ಅಷ್ಟೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತಮಹಲ್. ಆ ಕೊಂಬು, ಆ ಓಟ ಒಂದು ದಿನ ಆಕಾಶದಿಂದ ಇಳಿದದ್ದಲ್ಲ. ಯಾವ ಹೋರಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಕಾವಲುಗಳಲ್ಲಿ ತಲೆತಲಾಂತರ ನೋಡಿಕೊಂಡು ಬಂದ ದನಗಾಹಿಗಳ ಕಣ್ಣು ಅದು. ಅವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ.

ಮದಗದಕೆರೆಯ ಹಾಡು ಗೊತ್ತಲ್ಲ, ಮಾಯದಂಥ ಮಳೆಯದು. ಅದು ನಮ್ಮ ಕಡೂರಿನ ಮದಗದಕೆರೆಯದೇ ಅಂತ ಇಲ್ಲಿಯವರು ಪಟ್ಟು ಹಿಡಿಯುತ್ತಾರೆ, ನಾವೂ ಹಿಡಿಯುತ್ತೇವೆ. ಆರ್ಕೆಸ್ಟ್ರಾದವರು ಮಳೆ ಬಂದ ಸಡಗರ ಹಾಡಿ ಕುಣಿಸಿ ನಿಲ್ಲಿಸಿಬಿಡುತ್ತಾರೆ. ಪೂರ್ತಿ ಕೇಳಿ. ಕೆರೆ ತುಂಬಿ ಗಂಗೆ ತಾನು ನಿಲ್ಲುವವಳಲ್ಲ ಅನ್ನುತ್ತಾಳೆ. ಆಗ ಸಾವಿರಗಟ್ಟಲೆ ಒಡ್ಡರು ಬರಲಿ, ಗುದ್ದಲಿ ಬರಲಿ, ಮಣ್ಣು ಬೀಳಲಿ ಅನ್ನುವ ಗಡಿಬಿಡಿ. ಅಷ್ಟಾದರೂ ಅವಳದು ಅದೇ ಮಾತು. ನೀರು ಏರಿಯ ತಲೆಗೆ ಬಂದ ಮೇಲೆ ಎಷ್ಟು ಗುದ್ದಲಿ ಬಂದರೇನು, ಬೇಸಿಗೆಯಲ್ಲಿ ಹತ್ತು ಬರಬೇಕಿತ್ತು. ಹಾಡು ಕಟ್ಟಿದ ಹೆಂಗಸರಿಗೆ ಇದು ಗೊತ್ತಿತ್ತು ಅಂತ ನಮ್ಮ ನಂಬಿಕೆ.

ಹಾಗಾದರೆ ಏನು ಮಾಡಬೇಕು ಅಂತ ಯಜಮಾನರು ಕೇಳಿದರೆ ನಾವು ಹೇಳುವುದು ದೊಡ್ಡದೇನಲ್ಲ. ಏಳನೇ ಬೋರಿನ ದುಡ್ಡು ಕೈಯಲ್ಲಿದ್ದರೆ ಒಂದು ವರ್ಷ ತಡೆಯಿರಿ. ಆಟೋ ಸ್ಟಾರ್ಟರ್ ಬಿಚ್ಚಿಸಿ, ಮೋಟರ್ ಹಾಕಲು ಮನುಷ್ಯ ಎದ್ದು ಹೋಗಲಿ. ತೆಂಗಿನ ಸೋಗೆಯನ್ನು ಸುಡದೆ ಪಾತಿಗೆ ಮುಚ್ಚಿ. ಊರಿನ ಕೆರೆ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ: 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆ ಪಂಚಾಯಿತಿ ಕಡೆಯದು, 40ರಿಂದ 2,000ದವರೆಗಿನದು ಸಣ್ಣ ನೀರಾವರಿ ಇಲಾಖೆಯದು. ಗ್ರಾಮಸಭೆಯಲ್ಲಿ ಬಾಗಿನದ ಖರ್ಚು ಕೇಳುವ ಮೊದಲು ಏರಿಯ ಜಾಲಿ ಕಡಿಸಿದ್ದು ಯಾವಾಗ ಅಂತ ಕೇಳಿ. ಕೆರೆ ನೋಡಿಕೊಳ್ಳುವವರು ಇದ್ದರೆ ಅವರಿಗೆ ಸಂಬಳ ಅಂತ ಒಂದು ಕೊಡಿ. ಆಯ ಅಲ್ಲ, ಸಂಬಳ. ಅದೂ ಜಾತಿ ನೋಡದೆ.

ಇದರಿಂದ ಯಜಮಾನರ ಅಡಿಕೆ ಉಳಿಯುತ್ತದೆಯೇ? ಒಣಗಿದ್ದು ಉಳಿಯುವುದಿಲ್ಲ. ಅವರಿಗೆ ಸುಳ್ಳು ಹೇಳಲು ಇಷ್ಟವಿಲ್ಲ.

ಕೊನೆಗೆ ಒಂದು ಸಂಗತಿ. ಹೋದ ತಿಂಗಳು ಅಜ್ಜಂಪುರ ತಾಲ್ಲೂಕಿನ ಒಂದು ಸಣ್ಣ ಕೆರೆ ನೋಡಲು ಹೋಗಿದ್ದೆವು. ತೂಬಿನ ಕಂಬ ನಿಂತಿದೆ, ತಿರುವುವ ಹ್ಯಾಂಡಲ್ ಇಲ್ಲ. ಯಾರ ಹತ್ತಿರ ಇದೆ ಅಂತ ಕೇಳಿದರೆ ಪಂಚಾಯಿತಿಯಲ್ಲಿ ಗೊತ್ತಿಲ್ಲ, ಕಟ್ಟೆಯಲ್ಲಿ ಗೊತ್ತಿಲ್ಲ. ಕೇರಿಯ ಕೊನೇ ಮನೆಯಲ್ಲಿ ರಾಗಿ ಕೇರುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತದೆ ಅಂದರು: "ನಮ್ಮನೇಲೈತೆ. ನಮ್ ಯಜಮಾನ್ರು ಇದ್ದಾಗಿಂದ ಅಟ್ಟದ ಮ್ಯಾಲೈತೆ."

ಮೊಮ್ಮಗನನ್ನು ಹತ್ತಿಸಿ ಇಳಿಸಿದರು. ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು. ಕೊಬ್ಬರಿ ಎಣ್ಣೆ ಹಚ್ಚಿತ್ತು, ಎಲ್ಲೂ ತುಕ್ಕಿಲ್ಲ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಇಳಿಸಿ ಒರೆಸಿ ಮತ್ತೆ ಇಡುತ್ತಾರಂತೆ. ಕೆರೆಯಲ್ಲಿ ನೀರು ನಿಂತು ಎಷ್ಟು ವರ್ಷವಾಯಿತು ಅಂತ ಕೇಳಿದೆವು. ಅಜ್ಜಿ ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟರು.

"ಪೇಪರ್ನೋರಾ ನೀವು? ನೀರು ಬಂದಾಗ ಬರ್ರಿ, ಆಗ ತೆಗೀರಿ ಫೋಟೋ."

ನಾವು ಆಗಲೇ ತೆಗೆದೆವು. ಹ್ಯಾಂಡಲ್, ಗೋಣಿಚೀಲ, ಅಜ್ಜಿಯ ಕೈ. ಪತ್ರಿಕೆಗೆ ಕಳಿಸಿದೆವು, ಬರಲಿಲ್ಲ. ಆಯುಧಪೂಜೆಗೆ ಮತ್ತೆ ಹೋಗುವವರಿದ್ದೇವೆ.